ಒತ್ತಿ ಹಿಡಿದ ಗಾಯ

ಅಣ್ಣ ಕುಡುಗೋಲು ಬೀಸಿದಾಗ ನಾನು ಬುತ್ತಿ ಗಂಟು ಹಿಡಿದು ಕಾಲುವೆಯ ಏರಿಯ ಮೇಲೆ ನಿಂತಿದ್ದೆ. ರಾಯಚೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದವಳು, ಕವಿತಾಳದ ಹತ್ತಿರದ ನಮ್ಮೂರಿಗೆ ರಜೆಗೆಂದು ಬಂದಿದ್ದೆ. ಜಗಳ ನೀರಿನದು. ಬಾಜೂ ಹೊಲದ ಕಾಕಾ ನಮ್ಮ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಅಣ್ಣ ಅವನ ತಾಯಿಯನ್ನು ಎತ್ತಿ ಬೈದ, ಕಾಕಾ ಸಲಿಕೆಯ ಹಿಡಿಯಿಂದ ಅಣ್ಣನ ಬಾಯಿಗೆ ಬಾರಿಸಿದ. ಮುರಿದ ಹಲ್ಲು ಉಗುಳುತ್ತಲೇ ಅಣ್ಣ ಕುಡುಗೋಲು ಎತ್ತಿದ. ಕಾಕಾನ ತೊಡೆ ಸೀಳಿ ರಕ್ತ ಚಿಮ್ಮಿತು. ಅಣ್ಣ ಓಡಿಹೋದ.

ಕಾಕಾ ರಕ್ತಸಂಬಂಧಿಯೇನಲ್ಲ. ನನಗೆ ಸೀಟು ಸಿಕ್ಕಾಗ ಊರೆಲ್ಲ ಹೇಲು ಉಚ್ಚೆ ಬಳಿಯುವ ಕೆಲಸ ಎಂದು ನಕ್ಕಿತ್ತು. ಅವನೊಬ್ಬ ಮಾತ್ರ ನನ್ನನ್ನು "ಡಾಕ್ಟರವ್ವ" ಎಂದು ಕರೆಯುತ್ತಿದ್ದ. ಬುತ್ತಿ ಬಿಚ್ಚಿ ರೊಟ್ಟಿ ಎಸೆದು ಕೆಸರಿಗೆ ಹಾರಿದೆ. ರೊಟ್ಟಿ ಸುತ್ತಿದ್ದ ಬಟ್ಟೆಯನ್ನೇ ಗಾಯದ ಮೇಲಿಟ್ಟು, ಎರಡೂ ಅಂಗೈ ಊರಿ ಮೈಭಾರ ಹಾಕಿ ಒತ್ತಿದೆ.

ಕಲಿತಿದ್ದು ಇಷ್ಟೇ. ರಕ್ತ ಹರಿಯುವ ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿಯಬೇಕು, ತೊಯ್ದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಬೇಕು. ಎತ್ತಿ ನೋಡಬಾರದು, ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಸಾಲಿನ ಉತ್ತರ.

ನಮ್ಮೂರಿನ ರೀತಿ ಬೇರೆ. ಹೊಡೆದಾಟವಾದರೆ ಹಿರಿಯರು ಬಂದು ಗಾಯ ನೋಡಬೇಕು, ಬೆರಳಿಟ್ಟು ಆಳ ಅಳೆಯಬೇಕು. ನ್ಯಾಯ ಹೇಳುವುದು ಆ ಅಳತೆಯ ಮೇಲೆ. ಒಬ್ಬರು ನೋಡಿದರೆ ಮುಗಿಯಲಿಲ್ಲ. ತಡವಾಗಿ ಬಂದವರಿಗೂ ಬಿಚ್ಚಿ ತೋರಿಸಬೇಕು, ಇಲ್ಲವಾದರೆ ಅವರಿಗೆ ಅವಮಾನ. ಎಂಥ ದರಿದ್ರ ಮರ್ಯಾದೆ!

ಐದಾರು ಜನ ಹಿರಿಯರು ಬಂದು ಸುತ್ತ ನಿಂತರು. ಅವರಲ್ಲೊಬ್ಬ ಬಗ್ಗಿ, "ಕೈ ತಗಿ ಬೇ, ಎಷ್ಟು ಆಳ ಹೋಗೇದ ನೋಡ್ತೀವಿ," ಎಂದ.

"ತಗ್ಯಾಂಗಿಲ್ಲ. ಗಾಡಿ ತರ್ರಿ ಮೊದ್ಲು."

ಅವನು ನನ್ನ ಮಣಿಕಟ್ಟು ಹಿಡಿದು ಎಳೆದ. ಕೈ ಬಿಡುವಂತಿರಲಿಲ್ಲ, ಬಾಯಿ ಇತ್ತು. ಅವನ ಹೆಬ್ಬೆರಳಿನ ಬುಡವನ್ನು ಹಲ್ಲು ಇಳಿಯುವ ತನಕ ಕಚ್ಚಿದೆ. ಅವನು ಕೂಗಿ ನನ್ನ ಕಪಾಳಕ್ಕೆ ಬಿಟ್ಟ. ಅಷ್ಟರಲ್ಲಿ ಕಾಕಾನ ಹೆಂಡತಿ ಓಡಿ ಬಂದಳು. ದೇವದುರ್ಗದ ಕಡೆಯವಳು, ಮಾತು ಕಡಿಮೆ, ಕೈ ಜೋರು. ಬಂದವಳೇ ನನ್ನ ಜಡೆ ಹಿಡಿದು ಜಗ್ಗಿದಳು. "ನಿಮ್ಮಣ್ಣ ಕಡದ, ನೀ ಹಿಚುಕಿ ಕೊಲ್ಲಾಕತ್ತಿ ಏನ?" ಎಂದು ಬೆನ್ನಿಗೆ ಒದ್ದಳು. ಕೂದಲು ಕಿತ್ತು ಬಂತು. ನಾನು ಅಲ್ಲಾಡಲಿಲ್ಲ.

ಹಿರಿಯರ ಹಿಂದೆಯೇ ಬಂದಿದ್ದ ಅಪ್ಪನೂ ಕೈ ಮುಗಿದ. "ಹಿರ್ಯಾರು ಕೇಳಾಕತ್ತಾರ, ಒಂಚೂರು ತೋರಸವ್ವಾ. ಸಣ್ಣ ಗಾಯ ಅಂದ್ರ ನಿಮ್ಮಣ್ಣ ಉಳಿತಾನ."

"ಇವ ಸತ್ರ ಅಣ್ಣ ಉಳ್ಯಾಂಗಿಲ್ಲ ಯಪ್ಪಾ! ಇಬ್ರೂ ನನ್ನ ಕೈಯಾಗ ಅದಾರ!"

ಅಪ್ಪ ನನ್ನ ಮುಖ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ತೊಯ್ದ ಬಟ್ಟೆಯ ಮೇಲಿಟ್ಟ. ನಂತರ ಹಿರಿಯರನ್ನು ತಳ್ಳಿಕೊಂಡೇ ಹೋಗಿ ಟಂಟಂ ಆಟೋ ಕರೆತಂದ.

ಮಾನ್ವಿಯ ರಸ್ತೆಯಲ್ಲಿ ಟಂಟಂ ಎಗರಿ ಎಗರಿ ಬೀಳುತ್ತಿತ್ತು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾನ ಹೆಂಡತಿ ರಸ್ತೆಯನ್ನೇ ನೋಡುತ್ತಿದ್ದಳು. ಅಪ್ಪ ಮುಂದೆ ಡ್ರೈವರನ ಪಕ್ಕ ಕೂತಿದ್ದ. ನನ್ನ ತೋಳುಗಳು ಮರಗಟ್ಟಿದ್ದವು. ಅರ್ಧ ದಾರಿಯಲ್ಲಿ ಕಾಕಾ ಕಣ್ಣು ಬಿಟ್ಟು, "ಡಾಕ್ಟರವ್ವ, ಇನ್ನ ಎಷ್ಟು ದೂರ ಅದ?" ಎಂದ. ನಾನು ಬಟ್ಟೆ ನೋಡಿದೆ. ರಕ್ತದ ಕಲೆ ಹರಡುವುದು ನಿಂತಿತ್ತು. ನನಗೆ ನಗುವೇ ಬಂತು. ಕಾಕಾ ಉಳಿದ, ಅಣ್ಣ ಉಳಿದ, ನಾನು ಉಳಿಸಿದೆ. ಊರನ್ನೆಲ್ಲ ಎದುರು ಹಾಕಿಕೊಂಡು ಉಳಿಸಿದೆ.

ರಕ್ತ ನಿಂತಿದ್ದನ್ನು ಕಣ್ಣಾರೆ ನೋಡಬೇಕೆನಿಸಿತು. ಒಂದೇ ಸಲ. ಬಟ್ಟೆಯ ಅಂಚು ಎತ್ತಿದೆ.

ಬಿಸಿ ರಕ್ತ ನನ್ನ ಗದ್ದಕ್ಕೆ ಬಡಿಯಿತು. ಮತ್ತೆ ಒತ್ತಿದೆ, ಮೊಣಕಾಲೂರಿ ಒತ್ತಿದೆ, ಸೆರಗು ಹರಿದು ಕೊಡು ಎಂದು ಕಾಕಾನ ಹೆಂಡತಿಯ ಮೇಲೆ ಕಿರುಚಿದೆ. ಈ ಸಲ ಅದು ನಿಲ್ಲಲಿಲ್ಲ. ಮಾನ್ವಿಯ ಆಸ್ಪತ್ರೆಯಲ್ಲಿ ಡಾಕ್ಟರು ಕಾಕಾನ ಕೊರಳು ಮುಟ್ಟಿ ನೋಡಿ, ನನ್ನ ಕೈಗಳನ್ನು ಒಂದೊಂದಾಗಿ ಬಿಡಿಸಿದರು. ಹೊರಗೆ ಕಾಕಾನ ಹೆಂಡತಿ ನನ್ನನ್ನು ತಬ್ಬಿ ಅತ್ತಳು. ನಾನು ಬಟ್ಟೆ ಎತ್ತಿದ್ದನ್ನು ಅವಳು ನೋಡಿರಲಿಲ್ಲ.

ಅಣ್ಣ ಶರಣಾದ. ರಾಯಚೂರಿನ ಜೈಲಿಗೆ ಮೊದಲ ಸಲ ನೋಡಲು ಹೋದಾಗ, ಜಾಲರಿಯ ಆಚೆಯಿಂದ ಅವನು ಮೊದಲು ಕೇಳಿದ್ದು ಇದನ್ನೇ. "ಅಷ್ಟೊತ್ತು ಹಿಡಕೊಂಡಿದ್ದಿ ಅಂತಲ್ಲ, ಹ್ಯಾಂಗ ಸತ್ತ?"

"ಆಸ್ಪತ್ರಿ ದೂರ ಇತ್ತಣ್ಣ."

ಅವನು ತನ್ನ ಬಲಗೈಯನ್ನು ತಿರುಗಿಸಿ ಬಹಳ ಹೊತ್ತು ನೋಡಿಕೊಂಡ.

"ನಾ ಕಡದದ್ದ ಆಳ ಹೋತು, ಅಲ್ಲ?" ಎಂದ.

ನಾನು ಹೂಂ ಎಂದೆ.