ಹೊಲಿದಿಟ್ಟ ಕಡೆಯ ಪ್ರಕರಣ

ಈ ಕಾದಂಬರಿ ತೆರೆದರೆ ಮೊದಲು ಸೀನಬೇಕು, ಆಮೇಲೆ ಓದಬೇಕು. ನಗಬೇಡಿ. ಹುಳ ಹತ್ತಬಾರದೆಂದು ಪುಸ್ತಕದೊಳಗೆ ನಿಪ್ಪಾಣಿಯ ತಂಬಾಕಿನ ಎಲೆ ಇಡುವುದು ನಮ್ಮ ಉಗಾರದ ಮನೆಯ ರೂಢಿ. ಮೊನ್ನೆ ಕಾಕು, ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಇದನ್ನು ನನ್ನ ಮಡಿಲಿಗೆ ಹಾಕಿದಾಗ ಕಣ್ಣಲ್ಲಿ ನೀರು ಬಂತು. ಆಗಿನ್ನೂ ಅದು ಬರೀ ಸೀನಿನ ನೀರು.

ಹಳೆಯ ಕಾಲದ ಯಾವುದೋ ಯುದ್ಧದ ಕಥೆ. ಶತ್ರುಗಳ ಊರಲ್ಲಿ ಗಾಯಕಿಯ ವೇಷ ಹಾಕಿದ ಗೂಢಚಾರಿಣಿ, ಅವಳಿಗೆ ಮನಸೋತ ಶತ್ರುಸೇನೆಯ ಅಧಿಕಾರಿ. ಮದುವೆಯಾದ ಹೊಸತರಲ್ಲಿ, ಸೈನ್ಯದಲ್ಲಿದ್ದ ಕಾಕಾ ರಜೆಗೆ ಬಂದವನು ಇದನ್ನು ನಿಪ್ಪಾಣಿಯಲ್ಲಿ ಕೊಂಡು ತಂದು ಹೆಂಡತಿಗೆ ದಿನಾ ಓದಿ ಹೇಳುತ್ತಿದ್ದನಂತೆ. ಕಡೆಯ ಪ್ರಕರಣ ಉಳಿದಿರುವಾಗಲೇ ಗಡಿಯಲ್ಲಿ ಯುದ್ಧ ಶುರುವಾಗಿ ಕರೆ ಬಂತು. ಕುಡಚಿ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ, "ಮುಂದಿಂದ ನಾ ಬಂದ ಓದತೀನಿ, ನೀ ಓದಬ್ಯಾಡ ನೋಡ" ಅಂದನಂತೆ.

ಚಾತುರ್ಮಾಸದಲ್ಲಿ ನಮ್ಮ ಜೈನ ಹೆಂಗಸರು ಬಸದಿಯಲ್ಲಿ ನೇಮ ಹಿಡಿಯುತ್ತಾರೆ. ಒಬ್ಬಳು ಬೆಲ್ಲ ಬಿಟ್ಟರೆ ಇನ್ನೊಬ್ಬಳು ಮೊಸರು ಬಿಡುತ್ತಾಳೆ. ಆ ವರ್ಷ ಕಾಕು, ಗಂಡ ಬರುವವರೆಗೆ, ಆ ಕಡೆಯ ಪ್ರಕರಣವನ್ನು ಬಿಟ್ಟಳು. ಎಲ್ಲಿ ಮನಸ್ಸು ತಡೆಯದೇ ಹೋದೀತೋ ಎಂದು ಅಷ್ಟೂ ಹಾಳೆಗಳ ಅಂಚನ್ನು ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದೇಬಿಟ್ಟಳು. ಆಮೇಲೆ ಸರಕಾರದಿಂದ ಸುದ್ದಿ ಬಂತು: ಪತ್ತೆಯಿಲ್ಲ. ಸತ್ತಿದ್ದಾನೆಂದು ಯಾರೂ ಹೇಳಲಿಲ್ಲ. ಹೀಗಾಗಿ ಹೊಲಿಗೆ ಉಳಿಯಿತು, ಹಣೆಯ ಕುಂಕುಮ ಉಳಿಯಿತು, ಪಡಸಾಲೆಯ ಗೋಡೆಯಲ್ಲಿ ಕಾಕಾನ ಫೋಟೋ ಹಾರವಿಲ್ಲದೆ ಉಳಿಯಿತು. ವರ್ಷಗಳು ಉರುಳಿದಂತೆ ಮನೆಯವರಿಗೆಲ್ಲ ಅರ್ಥವಾಗಿತ್ತು. ಹೇಳುವ ಬಾಯಿ ಯಾರಿಗಿತ್ತು?

ಚಿಕ್ಕವಳಿದ್ದಾಗ ನಾನು ಹೊಲಿದ ಹಾಳೆಗಳ ಸಂದಿಗೆ ಕಣ್ಣಿಟ್ಟು ಇಣುಕುತ್ತಿದ್ದೆ. 'ಸೇತುವೆ' ಎಂಬ ಒಂದು ಶಬ್ದ ಕಾಣುತ್ತಿತ್ತು, ಅಷ್ಟೇ. ಅದರ ಮೇಲೆ ನಾನು ಏನೇನು ಕಟ್ಟಿದೆನೋ, ಕೇಳಲೇಬೇಡಿ! ಪ್ರತಿ ಸಲ ಗೂಢಚಾರಿಣಿಗೂ ಆ ಅಧಿಕಾರಿಗೂ ಮದುವೆ ಮಾಡಿಸಿಯೇ ಬಿಡುತ್ತಿದ್ದೆ, ಅದೂ ಹಾರೂಗೇರಿಯ ಬ್ಯಾಂಡು ತರಿಸಿ.

ಮೊನ್ನೆ ಕಾಕು ಪುಸ್ತಕದ ಜೊತೆ ಕತ್ತರಿಯನ್ನೂ ಕೊಟ್ಟಳು. "ಹೊಲಿಗಿ ಬಿಚ್ಚ ತಂಗಿ. ನನ್ನ ಕಣ್ಣ ಮಂಜಾಗ್ಯಾವ, ನೀನ ಓದ."

"ಮತ್ತ ನೇಮಾ, ಕಾಕು?"

"ಎಷ್ಟಂತ ಹಿಡೀಲಿ? ಕಥಿ ತಿಳೀಲಾರದ ಹೋಗೂದ ಬ್ಯಾಡ ನನಗ."

ಗಂಟು ಕತ್ತರಿಸಿ ದಾರವನ್ನು ಹರಿಯದಂತೆ ಎಳೆದು ತೆಗೆದೆ. ಓದಿದೆ. ಗೂಢಚಾರಿಣಿ ಸಿಕ್ಕಿಬಿದ್ದು ಗುಂಡಿಗೆ ಬಲಿಯಾಗುತ್ತಾಳೆ. ಅದು ತಿಳಿಯದ ಅಧಿಕಾರಿ, ಯುದ್ಧ ಮುಗಿದ ಮೇಲೂ ದಿನಾ ಸಂಜೆ ಅವಳು ಬರುತ್ತೇನೆಂದು ಹೇಳಿದ್ದ ಸೇತುವೆಯ ಮೇಲೆ ಬಂದು ನಿಲ್ಲುತ್ತಾನೆ, ತಲೆ ನರೆಯುವವರೆಗೆ. ಕಥೆ ಅಲ್ಲಿಗೆ ಮುಗಿಯಿತು.

ಕಾಕು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಕಡೆಗೆ ಅಂದಳು: "ಅಯ್ಯ, ಪಾಪ! ಯಾರರೆ ಒಬ್ರು ಅವಗ ಹೇಳಬೇಕಿತ್ತಲ್ಲವಾ."

ನನಗೆ ದುಃಖ ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. "ಕಾಕು, ಕಾಕಾ ಬರೂದಿಲ್ಲ" ಅಂದೆ. ನಮ್ಮ ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಗೊತ್ತೈತಿ" ಅಂದಳು. "ನಿಮ್ಮಾಗ ಯಾರರೆ ಹೇಳ್ತೀರೇನಂತ ಕಾಯತಿದ್ದೆ."

ಈಗ ಪಡಸಾಲೆಯ ಫೋಟೋಕ್ಕೆ ಒಂದು ಚಿಕ್ಕ ಸೇವಂತಿಗೆ ಹಾರವಿದೆ. ಹೂ ತಂದವಳು ನಾನು. ಕಾಣದ ಕಣ್ಣಲ್ಲೇ ತಡವಿ ತಡವಿ ಪೋಣಿಸಿದವಳು ಕಾಕು, ಪುಸ್ತಕದಿಂದ ಬಿಚ್ಚಿದ ಆ ದಾರದಲ್ಲಿ.