ಬೆವರು ಬಿಟ್ಟ ಮಧ್ಯಾಹ್ನ

ಕಾಫಿ ಹಣ್ಣಾಗುವ ಹೊತ್ತಿಗೆ ಶಿರಂಗಾಲದ ನಮ್ಮ ಮನೆಗೆ ಬೀಗ ಬೀಳುತ್ತಿದ್ದ ಕಾಲ ಅದು. ಅಪ್ಪ, ಅವ್ವ, ಅಪ್ಪನ ಅಕ್ಕ ಪುಟ್ಟತ್ತೆ, ನನ್ನ ಅಕ್ಕ ಗೌರಿ, ನಾನು ಪಾತ್ರೆಪಗಡದ ಸಮೇತ ಶ್ರೀಮಂಗಲದ ಕಡೆಯ ಎಸ್ಟೇಟಿಗೆ ಹಣ್ಣು ಕುಯ್ಯುವ ಪಿಕ್ಕಿಂಗಿಗೆ ಹೋಗಿ ಕೂಲಿಯವರ ಲೈನ್‌ಮನೆ ಸೇರುತ್ತಿದ್ದೆವು. ಕಣದಲ್ಲಿ ಒಣಗುವ ಹಣ್ಣಿನ ಹುಳಿವಾಸನೆ ನಮ್ಮ ಅನ್ನಕ್ಕೂ ಹತ್ತಿರುತ್ತಿತ್ತು. ಸಂಜೆ ಅಕ್ಕ ನೆಲದಲ್ಲಿ ಗುಳಿ ತೋಡಿ, ಕಾಫಿಬೀಜ ಹಾಕಿ ಅಳಗುಳಿ ಆಡಿಸುತ್ತಿದ್ದಳು. ನಾನು ಸೋತು ಮುಖ ಊದಿಸಿದರೆ, "ಅಳುಮುಂಜಿ, ತಗೋ" ಎಂದು ಗೆದ್ದದ್ದನ್ನೆಲ್ಲ ನನ್ನ ಮಡಿಲಿಗೇ ಸುರಿಯುತ್ತಿದ್ದಳು.

ಆ ವರ್ಷ ಅವಳಿಗೆ ಚಳಿಜ್ವರ ಬಂತು. ಒಂದು ದಿನ ಹಿಡಿದರೆ ಒಂದು ದಿನ ಬಿಡುತ್ತಿತ್ತು. ಬಿಟ್ಟ ದಿನ ಎದ್ದು ಹಣ್ಣು ಕುಯ್ಯಲು ಹೊರಡುತ್ತಿದ್ದಳು. ನಾವೂ ಜ್ವರ ಹೋಯಿತೆಂದೇ ತಿಳಿಯುತ್ತಿದ್ದೆವು. ಕಣ್ಣು ಹಳದಿಯಾಗಿ ಮಾತು ತೊದಲಿದಾಗ ಎಸ್ಟೇಟಿನ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಮಲೇರಿಯಾ ಅಂದರು, ಕೈಗೆ ಮದ್ದಿನ ಬಾಟಲಿ ಹಾಕಿದರು.

ಮಾರನೆಯ ಮಧ್ಯಾಹ್ನ ಅಕ್ಕನ ಮೈಯೆಲ್ಲ ಬೆವತು ತಣ್ಣಗಾಯಿತು.

"ಬೆವರು ಕಿತ್ಕೊಂಡೈತೆ, ಜ್ವರ ಬಿಡ್ತು!" ಅಂದಳು ಪುಟ್ಟತ್ತೆ. ಅವ್ವ ಎಷ್ಟೋ ದಿನದ ಮೇಲೆ ನಕ್ಕಳು. ಅಪ್ಪ ನೆಮ್ಮದಿಯಾಗಿ ಟೀ ಕುಡಿಯಲು ಹೋದ.

"ಅತ್ತೆ, ಹೊಟ್ಟೆ ಹಸೀತೈತೆ. ಕೈಯೆಲ್ಲ ನಡುಗ್ತೈತೆ" ಅಂದಳು ಅಕ್ಕ.

"ಈಗ ತಾನೇ ಇಳಿದೈತೆ ಮಗಾ, ತಿಂದ್ರೆ ತಿರುಗಾ ಏರ್ತದೆ. ಒಂದು ನಿದ್ದೆ ತೆಗಿ, ಸಂಜೆಗೆ ಗಂಜಿ ಕೊಡ್ತೀನಿ."

ಜ್ವರಕ್ಕೆ ಲಂಘನವೇ ಮದ್ದು ಎಂದು ನಂಬಿದ್ದವರು ನಾವು. ಅತ್ತೆ ಕಂಬಳಿ ಹೊದಿಸಿ ತಲೆ ಸವರಿದಳು. ಅಕ್ಕ ಮಲಗಿದಳು.

ನರ್ಸ್ ಬಂದಾಗ ಅತ್ತೆ ಅಡ್ಡ ನಿಂತಳು. "ಎಬ್ಬಿಸ್ಬೇಡಿ ಸಿಸ್ಟರಮ್ಮ, ಈಗ ಸುಖವಾಗಿ ಮಲಗವ್ಳೆ."

ನರ್ಸ್ ಅಕ್ಕನ ಕೆನ್ನೆ ತಟ್ಟಿದಳು, ರೆಪ್ಪೆ ಬಿಡಿಸಿ ನೋಡಿದಳು, ಡಾಕ್ಟರನ್ನು ಕೂಗುತ್ತಾ ಓಡಿದಳು. ಅಷ್ಟರಲ್ಲಿ ಅಕ್ಕನ ಕೈಕಾಲು ಸೆಟೆದು ಫಿಟ್ಸ್ ಬಂತು. ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದಿದೆ, ಜ್ವರ ಮಿದುಳಿಗೂ ಹೋಗಿದೆ ಅಂದರು ಡಾಕ್ಟರ್.

"ಹಸಿವು ಅಂತ ಏನಾದ್ರೂ ಹೇಳಿದ್ಲಾ?"

ಅತ್ತೆ ತಾನು ಹೊದಿಸಿದ್ದ ಕಂಬಳಿಯನ್ನು ತೆಗೆದು ಮಡಿಸತೊಡಗಿದಳು.

ಮೈಸೂರಿಗೆ ಸಾಗಿಸಿದರು. ಅಕ್ಕ ಬದುಕಿದಳು. ಬಹಳ ದಿನಗಳ ಮೇಲೆ ಅವಳು ಕಣ್ಣು ಬಿಟ್ಟಾಗ ಎಲ್ಲರೂ ಕೈಮುಗಿದೆವು. ಆದರೆ ಆ ಕಣ್ಣು ನಮ್ಮನ್ನು ಗುರುತಿಸಲಿಲ್ಲ. ಈಗಲೂ ಉಣ್ಣಿಸಿದರೆ ಉಣ್ಣುತ್ತಾಳೆ, ಕೂರಿಸಿದಲ್ಲಿ ಕೂರುತ್ತಾಳೆ. ನನ್ನ ಹೆಸರು ಅವಳ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಸತ್ತವರಿಗಾದರೆ ಅತ್ತು ಮುಗಿಸಬಹುದು. ಎದುರಿಗೇ ಉಸಿರಾಡುತ್ತಾ ಇರುವವಳಿಗೆ ಹೇಗೆ ಅಳುವುದು?

ಕೆಲವು ವರ್ಷ ಕಳೆದು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಕ್ಕ ಬಾಗಿಲ ಬಳಿ ಕೂತಿದ್ದಳು. "ಇಬ್ಬರಲ್ಲಿ ದೊಡ್ಡ ಮಗಳು ಯಾರು?" ಅಂತ ಕೇಳಿದರು.

ಅಪ್ಪ ನನ್ನ ಕಡೆ ಕೈ ತೋರಿಸಿದ.