ಅಕ್ಕನನ್ನು ನೋಡಲು ಬಂದವರು

ಬೆಳಿಗ್ಗೆ ಸಂಪು ತುಂಬಿಸಿದೆ. ಇಡ್ಲಿಗೆ ನೆನೆಹಾಕಿದೆ, ರಾಗಿ ಕೇರಿ ತಾರಸಿಯ ಮೇಲೆ ಹರಡಿದೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಮಗಳ ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಎರಡು ಪುಸ್ತಕ ಸಿಕ್ಕವು. ಇಲ್ಲೇ ತುಮಕೂರಿನ ಕಾಲೇಜಿನಲ್ಲಿ ಅವಳ ಮೇಡಂ ರಜೆಯಲ್ಲಿ ಓದಲು ಹೇಳಿದ್ದರಂತೆ. ಒಂದು ಹೆಂಗಸರ ಪಾಡಿನದು, ಇನ್ನೊಂದು ದೂರದೇಶದ ಕಪ್ಪು ಜನರದು.

"ಒರೆಸಿ ಇಡ್ಬೇಡಮ್ಮ, ಓದು" ಎಂದಳು ಮಗಳು.

ನನ್ನ ಓದು ನಿಮಗೆ ಗೊತ್ತಿಲ್ಲ. ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನು ಓದದೆ ಬಿಸಾಡುವವಳಲ್ಲ, ಆದರೆ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೇ ತೂಕಡಿಕೆ. ಇವತ್ತು ಒಲೆಯ ಮುಂದೆ ನಿಂತು ಓದಿದೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಆ ಎರಡನೇ ಪುಸ್ತಕದಲ್ಲಿ ಒಬ್ಬ ತಾಯಿ, ಇನ್ನಷ್ಟು ಕಪ್ಪಾಗಬಾರದೆಂದು ಮಗಳನ್ನು ಬಿಸಿಲಿಗೇ ಬಿಡುವುದಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಮೂಗಿಗೆ ಹಾಲಿನ ಕೆನೆ, ಕಡಲೆಹಿಟ್ಟಿನ ವಾಸನೆ ಬಂದಂತಾಯಿತು.

ಗುಬ್ಬಿಯ ನಮ್ಮ ಮನೆ ಬಚ್ಚಲಿನ ವಾಸನೆ ಅದು. ನನ್ನಕ್ಕ ಕಪ್ಪು, ನಾನು ಬಿಳುಪು. ಅಮ್ಮ ಕೆನೆಯಲ್ಲಿ ಕಡಲೆಹಿಟ್ಟು ಕಲಸಿ ಅಕ್ಕನ ಕೆನ್ನೆ ಉಜ್ಜುತ್ತಿದ್ದಳು; ತಪ್ಪಲೆ ತಿಕ್ಕುವಾಗಲೂ ಅಷ್ಟು ಬಲ ಹಾಕುತ್ತಿರಲಿಲ್ಲ. ಹೆಣ್ಣು ನೋಡಲು ಬರುವ ದಿನ ನನ್ನನ್ನು ರೈಲು ಹತ್ತಿಸಿ ನಿಟ್ಟೂರಿಗೆ, ಚಿಕ್ಕಮ್ಮನ ಮನೆಗೆ ಕಳಿಸುತ್ತಿದ್ದರು. ಬಿಳೀ ತಂಗಿ ಕಣ್ಣಿಗೆ ಬಿದ್ದರೆ ಕಪ್ಪು ಅಕ್ಕನನ್ನು ಯಾರು ಒಪ್ಪುತ್ತಾರೆ? ನಮ್ಮ ಮನೆಯಲ್ಲಿ ಇದನ್ನು ಮೋಸ ಎನ್ನುತ್ತಿರಲಿಲ್ಲ, ಎಚ್ಚರಿಕೆ ಎನ್ನುತ್ತಿದ್ದರು.

"ನೀನು ಹೊಂಟ್ರೆ ಊರಿಗೆಲ್ಲ ನಾನೇ ರಂಭೆ ಕಣೇ, ಬೇಗ ಹೋಗು" ಎಂದು ಅಕ್ಕನೇ ನನಗೆ ಜಡೆ ಹೆಣೆದು ಕಳಿಸುತ್ತಿದ್ದಳು. "ಬಂದ್ಯಾ, ಬಚ್ಚಿಟ್ಟ ಬೆಲ್ಲ?" ಎಂದು ಅಲ್ಲಿ ಚಿಕ್ಕಮ್ಮ ನಗುತ್ತಿದ್ದಳು. ನನಗದು ರಜೆ.

ಒಂದು ಸಲ ಕುಣಿಗಲ್ಲಿನವರು ಬಸ್ಸು ಕೆಟ್ಟು ತಡವಾಗಿ ಬಂದರು. ಅಷ್ಟು ಹೊತ್ತಿಗೆ ಹೊರಟಿರುತ್ತಾರೆಂದುಕೊಂಡು ನಾನು ಸಂಜೆಯ ರೈಲಿಗೆ ವಾಪಸಾದೆ. ಬಾಗಿಲಲ್ಲಿ ಚಪ್ಪಲಿ ರಾಶಿ. ಒಳಗೆ ಅಕ್ಕ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಹುಡುಗನ ತಾಯಿ ನನ್ನತ್ತ ತಿರುಗಿ, "ಈ ಹುಡ್ಗಿ ಯಾರು? ಇನ್ನೊಬ್ಳು ಅವ್ಳೆ ಅಂತ ಹೇಳ್ಲೇ ಇಲ್ವಲ್ಲ" ಎಂದರು.

ಆಮೇಲೆ ಹೇಳಿಕಳಿಸಿದರು: ಚಿಕ್ಕವಳಾದರೆ ಆಗಬಹುದು. "ಒಂದಾದ್ರೂ ದಡ ಸೇರ್ಲಿ ಬುಡು" ಎಂದರು ಅಪ್ಪ. ಅಕ್ಕನನ್ನು ಯಾರೂ ಕೇಳಲಿಲ್ಲ, ನನ್ನನ್ನೂ. ಆ ಹುಡುಗನೇ ನಮ್ಮ ಯಜಮಾನರು. ನನ್ನ ಮದುವೆಯ ರವಿಕೆಗಳನ್ನು ಅಕ್ಕನೇ ಹೊಲಿದಳು. "ಇನ್ನು ನನ್ನ ನೋಡೋಕೆ ಯಾರ್ನೂ ಕರೀಬ್ಯಾಡ" ಎಂದು ಅಮ್ಮನಿಗೆ ಹೇಳಿ, ಗುಬ್ಬಿಯಲ್ಲೇ ಹೊಲಿಗೆ ಮಿಷನ್ ತುಳಿಯುತ್ತಾ ಒಂಟಿಯಾಗಿ ಉಳಿದಳು. ನಮ್ಮ ಮನೆಗೆ ಬರುತ್ತಾಳೆ, ಉಣ್ಣುತ್ತಾಳೆ, ಮಗಳನ್ನು ನಗಿಸುತ್ತಾಳೆ. ಒಂದು ರಾತ್ರಿಯೂ ಉಳಿದವಳಲ್ಲ.

ಸಂಜೆ ಬಂದ ಯಜಮಾನರು ಪುಸ್ತಕ ತಿರುವಿಹಾಕಿ, "ಕಪ್ಪು ಬಿಳುಪು ಅನ್ನೋದೆಲ್ಲ ಆ ದೇಶದೋರ ಜಗಳ. ನಮಗ್ಯಾಕೆ ಇದು?" ಎಂದರು.

"ಅವತ್ತು ಗುಬ್ಬೀಲಿ ನಿಮಗೆ ಕಾಫಿ ಕೊಟ್ಟೋಳು ಯಾರು?" ಎಂದೆ. ಮದುವೆಯಾದಾಗಿನಿಂದ ನಾನು ಕೇಳಿರದ ಪ್ರಶ್ನೆ.

ಅವರು ಪುಸ್ತಕ ಮುಚ್ಚಿಟ್ಟರು. "ಇಷ್ಟು ಲೇಟಾಗುತ್ತೆ ಅಂದಿದ್ರೆ ನಾನೇ ಕುಣಿಗಲ್ಲಿಗೆ ಬಂದು ಕಾಫಿ ಕೊಡ್ತಿದ್ದೆ ಅಂದ್ಲು ನಿಮ್ಮಕ್ಕ. ನಂಗೆ ನಗು ಬಂತು. ಮನಸಲ್ಲೇ ಒಪ್ಕೊಂಡುಬಿಟ್ಟಿದ್ದೆ. ಅಷ್ಟೊತ್ತಿಗೆ ನೀನು ಬಂದೆ. ನಮ್ಮಮ್ಮ ಚಿಕ್ಕವಳೇ ಆಗ್ಲಿ ಅಂದ್ಮೇಲೆ ಸುಮ್ನಾದೆ."

ಅಕ್ಕನನ್ನು ಒಬ್ಬರು ಒಪ್ಪಿದ್ದರು. ಅದು ಅವಳಿಗೆ ಗೊತ್ತಿಲ್ಲ. ಹಿತ್ತಲಿಗೆ ಹೋಗಿ ಫೋನ್ ಮಾಡಿದೆ.

"ಏನೇ, ಗಂಡನ ಜೊತೆ ಠೂ ಬಿಟ್ಯಾ?"

"ಇಲ್ಲ ಕಣಕ್ಕ. ಪುಸ್ತಕ ಓದ್ತಿದ್ದೆ."

"ನೀನಾ? ಹಂಗಾದ್ರೆ ಇವತ್ತು ಮಳೆ ಗ್ಯಾರಂಟಿ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ನನಗೆ ಹಗುರ. ಅವಳಿಗೆ, ಹೇಗೋ ಅರಗಿಸಿಕೊಂಡಿರುವ ಬದುಕಿನ ಮೇಲೆ ಇನ್ನೊಂದು ನಷ್ಟ. ಬಟ್ಟೆ ಎತ್ತಬೇಕು ಎಂದು ಫೋನ್ ಇಟ್ಟೆ.

ರಾತ್ರಿ ಮುದ್ದೆ, ಬಸ್ಸಾರು. ಯಜಮಾನರು ಅರ್ಧ ಮುದ್ದೆಗೇ ಎದ್ದರು. ನಿದ್ದೆಹೋದವಳು ಮಗಳೊಬ್ಬಳೇ. ನಾವಿಬ್ಬರೂ ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡಿದ್ದೆವು.